ಮೊದಲು 9001, ಆಮೇಲೆ 14001
ಸೇಡಂ ಸಿಮೆಂಟ್ ಕಾರ್ಖಾನೆಯ ಲ್ಯಾಬ್‌ನಲ್ಲಿದ್ದೀನಿ, ಲೀಡ್ ಆಡಿಟರ್ (ಆಡಿಟ್ ತಂಡದ ಮುಖ್ಯಸ್ಥ) ಕೋರ್ಸ್ ಐಎಸ್‌ಒ 9001ರದ್ದು (ಗುಣಮಟ್ಟ ನಿರ್ವಹಣೆಯ ಮಾನದಂಡ) ಮಾಡಲಾ, 14001ರದ್ದಾ (ಪರಿಸರ ನಿರ್ವಹಣೆಯದ್ದು) ಅಂತ ಕೇಳಿದ್ದೀರಿ. 9001ರಿಂದಲೇ ಶುರು ಮಾಡಿ ಸರ್. ಕ್ಯೂಬ್ ಟೆಸ್ಟ್ ಮಷೀನು, ತಕ್ಕಡಿಯ ಕ್ಯಾಲಿಬ್ರೇಷನ್ ದಾಖಲೆ ದಿನಾ ನಿಮ್ಮ ಕೈಯಲ್ಲೇ ಇರುತ್ತವೆ, 9001ರ 7.1.5ನೇ ಕಲಂ (ಅಳತೆ ಉಪಕರಣಗಳ ಬಗ್ಗೆ ಇರುವುದು) ಕೇಳುವುದು ಅದನ್ನೇ ಅಲ್ವಾ? ಎರಡರ ಚೌಕಟ್ಟೂ ಒಂದೇ, ಹಾಗಾಗಿ 14001 ಆಮೇಲೆ ಸುಲಭ. ಅಲ್ಲಿ ಚಿಮಣಿ ಧೂಳು, ಮಾಲಿನ್ಯ ಮಂಡಳಿಯ ಷರತ್ತುಗಳನ್ನು ಜಾಸ್ತಿ ಓದಬೇಕು.

ಕೋರ್ಸ್ ಸಾಮಾನ್ಯವಾಗಿ 5 ದಿನ, ಜೊತೆಗೆ ಪರೀಕ್ಷೆ. ದುಡ್ಡು ಕಟ್ಟುವ ಮೊದಲು, ಆಡಿಟರ್ ಕೋರ್ಸ್‌ಗಳನ್ನು ಪರಿಶೀಲಿಸಿ ಒಪ್ಪುವ ಸಂಸ್ಥೆಗಳಾದ ಸಿಕ್ಯೂಐ-ಐಆರ್‌ಸಿಎ ಅಥವಾ ಎಕ್ಸೆಂಪ್ಲರ್ ಗ್ಲೋಬಲ್ ಮಾನ್ಯತೆ ಇದೆಯಾ ಅಂತ ಆ ಸಂಸ್ಥೆಗಳ ವೆಬ್‌ಸೈಟ್‌ನಲ್ಲೇ ನೋಡಿ. ಸುಮ್ನೆ ಅಗ್ಗದ ಸರ್ಟಿಫಿಕೇಟ್‌ಗೆ ದುಡ್ಡು ಹಾಳು ಮಾಡಬೇಡಿ. ಪಾಸಾದರೂ ಆಡಿಟರ್ ಆಗಿ ನೋಂದಣಿ ಆಗಲು ಆಡಿಟ್ ಅನುಭವ ಕೇಳುತ್ತಾರೆ. ಅದಕ್ಕೇ ಈಗಲೇ ಮ್ಯಾನೇಜರ್ ಹತ್ರ ಇಂಟರ್ನಲ್ ಆಡಿಟ್ ತಂಡಕ್ಕೆ ಹೆಸರು ಕೊಡಿ. ಮಾಡಿದ ಪ್ರತಿ ಆಡಿಟ್‌ನ ತಾರೀಖು, ವಿಭಾಗ ಬರೆದಿಟ್ಟುಕೊಳ್ಳಿ.