ಮೊದಲು ಖಚಿತ ಮಾಡಿಕೊಳ್ಳಬೇಕೇ?

ಶಿರಸಿ ತಾಲ್ಲೂಕಿನ ಶಿಕ್ಷಕಿಯೊಬ್ಬರ ಪತ್ರದ ಸಾರ: ‘ನನ್ನ ತರಗತಿಯ ಮಗುವೊಂದು ಮನೆಗೆ ಬರುವ ನೆಂಟರೊಬ್ಬರ ವಿಷಯ ಹೇಳಹೊರಟು ಮಾತು ನುಂಗಿಕೊಂಡಿತು. ದೂರು ಕೊಡುವ ಮೊದಲು ನಾವು ನಾಲ್ಕೈದು ಶಿಕ್ಷಕರು ಕುಳಿತು ವಿಚಾರಿಸಿ ಖಚಿತ ಮಾಡಿಕೊಳ್ಳಬಾರದೇ? ಸುಳ್ಳಾದರೆ ಒಂದು ಮನೆತನದ ಮಾನ ಹೋಗುತ್ತದೆ.’

ಸಂಪಾದಕರ ಉತ್ತರ: ಮೇಡಂ, ದಯವಿಟ್ಟು ಬೇಡ. ನಿಮ್ಮ ಕಾಳಜಿ ನಿಜವಾದದ್ದೇ. ಆದರೆ ಆ ವಿಚಾರಣೆಯಿಂದಲೇ ಪ್ರಕರಣ ಕೆಡುತ್ತದೆ. ‘ಅವರು ನಿನ್ನನ್ನು ಇಲ್ಲಿ ಮುಟ್ಟಿದರೇ?’ ಎಂದರೆ ಉತ್ತರವನ್ನು ನಾವೇ ಪ್ರಶ್ನೆಯೊಳಗಿಟ್ಟು ಕೊಟ್ಟಂತೆ. ಮತ್ತೆ ಮತ್ತೆ ಕೇಳಿದರೆ, ಮೊದಲು ಹೇಳಿದ್ದು ತಪ್ಪಾಯಿತೇನೋ ಎಂದು ಮಗು ಮಾತು ಬದಲಿಸುತ್ತದೆ. ‘ಏನಾಯಿತು, ಹೇಳು’ ಎಂದು ಕೇಳಿ ಸುಮ್ಮನಿದ್ದಾಗ ಸಿಗುವ ವಿವರವೇ ಹೆಚ್ಚು ನಂಬಲರ್ಹವೆಂದು ಮಕ್ಕಳ ಸಾಕ್ಷ್ಯದ ಕುರಿತ ದಶಕಗಳ ಸಂಶೋಧನೆ ತೋರಿಸಿದೆ. ನಾಳೆ ನ್ಯಾಯಾಲಯದಲ್ಲಿ ಎದುರು ವಕೀಲರು ‘ಇದನ್ನೆಲ್ಲ ಯಾರು ಹೇಳಿಕೊಟ್ಟರು?’ ಎಂದು ಕೇಳದೆ ಬಿಡುವುದಿಲ್ಲ.

ನೀವೊಬ್ಬರೇ ಕೇಳಿಸಿಕೊಳ್ಳಿ. ಮಗು ಬಳಸಿದ ಮಾತನ್ನೇ, ಅದು ಹವಿಗನ್ನಡವಿರಲಿ, ಕೊಂಕಣಿಯಿರಲಿ, ತಿದ್ದದೆ ಬರೆದಿಡಿ. ದಿನಾಂಕ, ಹೊತ್ತು ಹಾಕಿ. ‘ಯಾರಿಗೂ ಹೇಳುವುದಿಲ್ಲ’ ಎಂದು ಮಾತ್ರ ಭಾಷೆ ಕೊಡಬೇಡಿ.

ಖಚಿತಪಡಿಸುವುದು ತನಿಖೆಯವರ ಕೆಲಸ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಸದುದ್ದೇಶದಿಂದ ತಿಳಿಸಿದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಮುಚ್ಚಿಟ್ಟವರಿಗೆ 6 ತಿಂಗಳವರೆಗೆ ಜೈಲು ಆಗಬಹುದು. ಠಾಣೆಗೆ ಮಗುವನ್ನು ಎಳೆದೊಯ್ಯಬೇಕಿಲ್ಲ. ಮನೆಯಲ್ಲಿ ಅಥವಾ ಮಗು ಬಯಸಿದ ಕಡೆಯಲ್ಲಿ, ಸಮವಸ್ತ್ರವಿಲ್ಲದೆ, ಆದಷ್ಟು ಮಟ್ಟಿಗೆ ಮಹಿಳಾ ಅಧಿಕಾರಿಯೇ ಹೇಳಿಕೆ ಪಡೆಯಬೇಕು. ದಿಕ್ಕು ತೋಚದಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ.

ಇನ್ನು ಮನೆತನದ ಮಾನ. ಮಾರಿಕಾಂಬಾ ಜಾತ್ರೆಯ ಗದ್ದಲದಲ್ಲಿ ಮಗುವಿನ ಕೈ ಬಿಡದ ನಾವು, ಜಗಲಿ ದಾಟಿ ಒಳಗೆ ಬಂದ ನೆಂಟರ ಜೊತೆ ಅದನ್ನು ಬಿಟ್ಟು ತೋಟಕ್ಕೆ ಹೊರಡುತ್ತೇವೆ. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಲಾಗಿತ್ತು. ಯಾವುದೋ ಒಂದು ಬಗೆಯ ಲೈಂಗಿಕ ದೌರ್ಜನ್ಯಕ್ಕೆ ಒಳಗಾದೆವೆಂದವರು ಶೇ 53. ಅವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಗಂಡುಮಕ್ಕಳು. ದೌರ್ಜನ್ಯ ಎಸಗಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು. (ಗಂಡುಹುಡುಗನಿಗೇನು ಭಯ ಎನ್ನುವವರು ನಮ್ಮ ಓದುಗರಲ್ಲೂ ಇದ್ದಾರೆ.)

ಪತ್ರದಲ್ಲಿದ್ದ ಊರು, ಶಾಲೆ, ತರಗತಿಯ ಹೆಸರುಗಳನ್ನು ತೆಗೆದಿದ್ದೇವೆ. ಪೋಕ್ಸೊ ಕಾಯ್ದೆಯ 23ನೇ ಕಲಮಿನಂತೆ ಮಗುವಿನ ಗುರುತು ಸಿಗುವ ಯಾವ ವಿವರವನ್ನೂ ಅಚ್ಚು ಹಾಕುವಂತಿಲ್ಲ. ಶಿಕ್ಷಕರ ಕೊಠಡಿಯ ಮಾತುಕತೆಯಲ್ಲೂ ಇದನ್ನೇ ಪಾಲಿಸಿ.