ಓದುಗರ ಪ್ರಶ್ನೆ: ಹಾಡಿನ ವಿಡಿಯೊಗೆ ಬಂದ ಪ್ರಶಸ್ತಿ ಯಾರದು?

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ ಮೇಲಿವೆ. ಅಮೆರಿಕದ ಎಂಟಿವಿ ವಾಹಿನಿ ವರ್ಷಕ್ಕೊಮ್ಮೆ ಟಿವಿಯಲ್ಲಿ ನೇರವಾಗಿ ತೋರಿಸುವ ‘ವಿಡಿಯೊ ಮ್ಯೂಸಿಕ್ ಅವಾರ್ಡ್ಸ್’ ಬಗ್ಗೆ. ಬೆಂಗಳೂರಿನ ಗಾಂಧಿನಗರದ ಎಡಿಟಿಂಗ್ ರೂಮುಗಳಲ್ಲಿ ಇಪ್ಪತ್ತೆರಡು ವರ್ಷ ಹಾಡಿನ ವಿಡಿಯೊ ಕೂಡಿಸಿದವಳು ನಾನು. ಆದ್ದರಿಂದ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ.

ಪ್ರಶ್ನೆ: ಮೇಡಂ, ಟೇಲರ್ ಸ್ವಿಫ್ಟ್ ಕೈಯಿಂದ ಒಬ್ಬರು ಮೈಕ್ ಕಿತ್ತುಕೊಳ್ಳುವ ತುಣುಕು ಮೊಬೈಲಿನಲ್ಲಿ ನೋಡಿದೆ. ಅಲ್ಲಿ ಏನಾಗಿತ್ತು?
– ಕಾಲೇಜು ವಿದ್ಯಾರ್ಥಿನಿ, ಶಿವಮೊಗ್ಗ

ಅದು 2009ರ ಸೆಪ್ಟೆಂಬರ್ 13ರ ರಾತ್ರಿ, ನ್ಯೂಯಾರ್ಕಿನ ರೇಡಿಯೊ ಸಿಟಿ ಮ್ಯೂಸಿಕ್ ಹಾಲ್. ಸ್ವಿಫ್ಟ್‌ಗೆ ಆಗ 19 ವರ್ಷ. ಗಾಯಕಿಯರ ವಿಭಾಗದಲ್ಲಿ ಪ್ರಶಸ್ತಿ ಪಡೆದು ಮಾತಾಡುತ್ತಿದ್ದರು. ರ್‍ಯಾಪ್ ಗಾಯಕ ಕಾನ್ಯೆ ವೆಸ್ಟ್ ವೇದಿಕೆ ಹತ್ತಿ ಮೈಕ್ ಕಿತ್ತುಕೊಂಡರು. ಗಾಯಕಿ ಬಿಯಾನ್ಸೆಯ ವಿಡಿಯೊ ಇದಕ್ಕಿಂತ ಶ್ರೇಷ್ಠ ಎಂಬುದು ಅವರ ವಾದ. ಕೊನೆಗೆ ‘ವರ್ಷದ ವಿಡಿಯೊ’ ಪ್ರಶಸ್ತಿ ಬಿಯಾನ್ಸೆಗೇ ಬಂತು. ಅವರು ಸ್ವಿಫ್ಟ್‌ರನ್ನು ವೇದಿಕೆಗೆ ಕರೆದು, ಅರ್ಧಕ್ಕೆ ನಿಂತಿದ್ದ ಮಾತನ್ನು ಪೂರ್ತಿ ಮಾಡಲು ಬಿಟ್ಟರು. ಎಂಥ ದೊಡ್ಡ ಮನಸ್ಸು ನೋಡಿ.

ಜಗತ್ತು ಆ ಮೈಕಿನ ವಿಷಯವನ್ನೇ ಇವತ್ತಿಗೂ ಮಾತಾಡುತ್ತದೆ. ನನಗೆ ನೆನಪಿರುವುದು ಬೇರೆ. ಬಿಯಾನ್ಸೆಯ ಅದೇ ವಿಡಿಯೊಗೆ, ಅಂದರೆ ‘ಸಿಂಗಲ್ ಲೇಡೀಸ್’ಗೆ, ಆ ವರ್ಷ ಸಂಕಲನದ ಪ್ರಶಸ್ತಿಯೂ ಬಂತು. ಪಡೆದವರು ಜ್ಯಾರೆಟ್ ಫೈಜಲ್. ನೀವು ಆ ವಿಡಿಯೊ ನೋಡಿದ್ದರೆ, ಇದರಲ್ಲಿ ಎಡಿಟರ್‌ಗೆ ಏನು ಕೆಲಸವಿತ್ತು ಅನ್ನಿಸಬಹುದು. ಕಪ್ಪು ಬಿಳುಪು, ಖಾಲಿ ಹಿನ್ನೆಲೆ, ಮೂವರು ಕುಣಿಯುತ್ತಾರೆ, ಅಷ್ಟೇ. ಇನ್ನೊಮ್ಮೆ ನೋಡಿ. ಎಷ್ಟು ಸಲ ಕುಣಿದು, ಎಷ್ಟು ಸಲ ಚಿತ್ರಿಸಿದ್ದನ್ನು ಒಂದೇ ಉಸಿರಿನ ಕುಣಿತದಂತೆ ಜೋಡಿಸಿದ್ದಾರೆ! ಕೈ ಮೇಲೇರುವ ಕ್ಷಣದಲ್ಲೇ ಕಟ್ ಮಾಡಿದರೆ ಕಣ್ಣು ಕೈಯ ಹಿಂದೆ ಹೋಗುತ್ತದೆ, ಕಟ್ ಕಾಣುವುದಿಲ್ಲ. ಇದನ್ನು ಕಲಿಯಲು ನನಗೆ ನಾಲ್ಕು ವರ್ಷ ಬೇಕಾಯಿತು.

ಪ್ರಶ್ನೆ: ಮೈಕೆಲ್ ಜಾಕ್ಸನ್ ‘ಥ್ರಿಲ್ಲರ್’ ಈ ಪ್ರಶಸ್ತಿಯಲ್ಲಿ ಸೋತಿತ್ತಂತೆ, ನಿಜವಾ?
– ನಿವೃತ್ತ ಶಿಕ್ಷಕರು, ಹಾಸನ

ನಿಜ ಸರ್. 1984ರ ಮೊದಲನೇ ಸಮಾರಂಭದಲ್ಲಿ ‘ವರ್ಷದ ವಿಡಿಯೊ’ ಆದದ್ದು ದಿ ಕಾರ್ಸ್ ಎಂಬ ತಂಡದ್ದು. ಕಂಪ್ಯೂಟರ್ ಚಿತ್ರಗಳ ಕೈಚಳಕ ಆಗ ಹೊಸದು, ಅದಕ್ಕೆ ಮರುಳಾದರು. ‘ಥ್ರಿಲ್ಲರ್’ಗೆ ಮೂರು ಪ್ರಶಸ್ತಿ ಬಂತು. ಅದರಲ್ಲಿ ಒಂದು ನೃತ್ಯ ಸಂಯೋಜನೆಗೆ, ಇನ್ನೊಂದು ವೀಕ್ಷಕರೇ ಕೊಟ್ಟದ್ದು. ನನ್ನ ಮಟ್ಟಿಗೆ ಜನರ ಆಯ್ಕೆಯೇ ಸರಿ.

ಆ ರಾತ್ರಿ ಅತಿ ಹೆಚ್ಚು, ಐದು ಪ್ರಶಸ್ತಿ ಪಡೆದದ್ದು ಜ್ಯಾಸ್ ಕಲಾವಿದ ಹರ್ಬಿ ಹ್ಯಾನ್‌ಕಾಕ್ ಅವರ ‘ರಾಕಿಟ್’. ವಿಡಿಯೊ ತುಂಬ ಕುಣಿಯುವ ಯಂತ್ರದ ಗೊಂಬೆಗಳು. ಹ್ಯಾನ್‌ಕಾಕ್ ಕಾಣುವುದು ಒಂದು ಟಿವಿ ಪೆಟ್ಟಿಗೆಯೊಳಗೆ ಮಾತ್ರ. ಕಪ್ಪು ಕಲಾವಿದರ ವಿಡಿಯೊ ಹಾಕಲು ಎಂಟಿವಿ ಹಿಂದೆಮುಂದೆ ನೋಡುತ್ತಿದ್ದ ದಿನಗಳು ಅವು. 1983ರಲ್ಲಿ ಬ್ರಿಟಿಷ್ ಗಾಯಕ ಡೇವಿಡ್ ಬೋವೀ ಎಂಟಿವಿಗೆ ಸಂದರ್ಶನ ಕೊಡುತ್ತಲೇ, ನಿಮ್ಮಲ್ಲಿ ಕಪ್ಪು ಕಲಾವಿದರು ಏಕೆ ಇಷ್ಟು ಕಡಿಮೆ ಎಂದು ಮುಖಕ್ಕೇ ಕೇಳಿದ್ದರು. ಅದಾದ ಮರುವರ್ಷವೇ ಹ್ಯಾನ್‌ಕಾಕ್ ಐದು ಗೆದ್ದರು ಅನ್ನುವುದು ನನಗೆ ಬಹಳ ಖುಷಿಯ ವಿಷಯ.

ಪ್ರಶ್ನೆ: ಪ್ರಶಸ್ತಿಯ ಗೊಂಬೆ ಗಗನಯಾತ್ರಿಯಂತೆ ಇದೆಯಲ್ಲ, ಯಾಕೆ?
– ಗೃಹಿಣಿ, ಕುಂದಾಪುರ

1981ರ ಆಗಸ್ಟ್ 1ರಂದು ಎಂಟಿವಿ ಶುರುವಾದಾಗ, ಚಂದ್ರನ ಮೇಲೆ ಮನುಷ್ಯ ಇಳಿದ ಚಿತ್ರಗಳನ್ನು ತೆಗೆದುಕೊಂಡು, ಅಲ್ಲಿ ನೆಟ್ಟ ಬಾವುಟದ ಜಾಗದಲ್ಲಿ ತನ್ನ ಗುರುತು ಹಾಕಿ ತೋರಿಸಿತ್ತು. ಗೊಂಬೆ ಅಲ್ಲಿಂದಲೇ ಬಂತು. ಹೆಸರು ‘ಮೂನ್‌ಮ್ಯಾನ್’. 2017ರಲ್ಲಿ ಅದನ್ನು ‘ಮೂನ್ ಪರ್ಸನ್’ ಎಂದು ಬದಲಿಸಿದರು.

ಪ್ರಶ್ನೆ: ನಮ್ಮ ಭಾರತದವರು ಯಾರಾದರೂ ಇದನ್ನು ಗೆದ್ದಿದ್ದಾರಾ ಅಕ್ಕಾ?
– ಫೋಟೊ ಸ್ಟುಡಿಯೊ ಮಾಲೀಕ, ಚಿತ್ರದುರ್ಗ

ಈ ಪ್ರಶ್ನೆಗೆ ಕಾಯುತ್ತಿದ್ದೆ ತಮ್ಮಾ. ಜಲಂಧರದಲ್ಲಿ ಹುಟ್ಟಿ, ಶಿಮ್ಲಾದಲ್ಲಿ ಓದಿ, ಅಮೆರಿಕಕ್ಕೆ ಹೋದ ತರ್ಸೇಮ್ ಸಿಂಗ್ ಇದ್ದಾರೆ. ಆರ್‌ಇಎಂ ತಂಡದ ‘ಲೂಸಿಂಗ್ ಮೈ ರಿಲಿಜನ್’ ಹಾಡಿಗೆ ಅವರು ಮಾಡಿದ ವಿಡಿಯೊ 1991ರಲ್ಲಿ ಆರು ಪ್ರಶಸ್ತಿ ಗೆದ್ದಿತು. ‘ವರ್ಷದ ವಿಡಿಯೊ’, ನಿರ್ದೇಶನ, ಸಂಕಲನ, ಕಲಾ ನಿರ್ದೇಶನ ಎಲ್ಲವೂ ಅದರಲ್ಲಿ ಸೇರಿದ್ದವು.

ನಾನು ಅದನ್ನು ನೋಡಿದ್ದು 1992ರಲ್ಲಿ, ಚಾಮರಾಜಪೇಟೆಯ ಬಾಡಿಗೆ ಮನೆಯಲ್ಲಿ. ಆಗಷ್ಟೇ ಕೇಬಲ್ ಬಂದಿತ್ತು. ಒಂದು ಕೋಣೆ, ಒಂದು ಕಿಟಕಿ, ನೆಲಕ್ಕೆ ಬಿದ್ದು ಒಡೆಯುವ ಹಾಲಿನ ಹೂಜಿ. ರೆಕ್ಕೆ ಕಟ್ಟಿಕೊಂಡ ಮುದುಕ. ದೇವರ ಕ್ಯಾಲೆಂಡರಿನ ಬಣ್ಣದಲ್ಲಿ ಮಿಂದಂಥ ಜನ. ಇದು ನಮ್ಮ ಕಡೆಯದಲ್ಲವಾ ಅನ್ನಿಸಿ ಎದ್ದು ಕೂತೆ. ಅಮ್ಮನೂ ಒಳಗಿಂದ ಬಂದು ನಿಂತು ನೋಡಿದರು. ಭಾರತದ ಒಂದು ಬಗೆಯ ಸಿನಿಮಾದಂತೆ, ಕನಸಿನ ಹಾಗೆ ಇರಬೇಕೆಂದು ತರ್ಸೇಮ್ ಬಯಸಿದ್ದರು ಎಂದು ಗಾಯಕ ಮೈಕೆಲ್ ಸ್ಟೈಪ್ ಹೇಳಿದ್ದು ಆಮೇಲೆ ಓದಿದೆ. ನಾನು ನೋಡಿದ ಆ ದಿನ ಪರದೆಯ ಮೇಲೆ ಹಾಡಿನ ಹೆಸರು, ತಂಡದ ಹೆಸರು ಬಂತು, ಮಾಡಿದವರ ಹೆಸರು ಬರಲಿಲ್ಲ. ನಿರ್ದೇಶಕರ ಹೆಸರನ್ನೂ ಮೂಲೆಯಲ್ಲಿ ಹಾಕುವ ಪದ್ಧತಿಯನ್ನು ಎಂಟಿವಿ ತಂದದ್ದು 1992ರ ಕೊನೆಗೆ.

ಪ್ರಶ್ನೆ: ಮಗ ಜನಪದ ಹಾಡುಗಳ ವಿಡಿಯೊ ಎಡಿಟ್ ಮಾಡ್ತಾನೆ. ಲಕ್ಷಗಟ್ಟಲೆ ಜನ ನೋಡ್ತಾರ, ಆದ್ರ ಅವನ ಹೆಸರು ಎಲ್ಲೂ ಇರೂದಿಲ್ಲ. ಈ ಕೆಲಸ ಬಿಡಿಸಿಬಿಡ್ಲೇನ್ರಿ?
– ತಂದೆ, ಬಾಗಲಕೋಟೆ

ಬಿಡಿಸಬೇಡಿ ಅಣ್ಣಾವ್ರೇ. ನಿಮ್ಮ ನೋವು ನನಗೆ ಗೊತ್ತು. 1996ರಲ್ಲಿ ಹದಿನಾಲ್ಕು ಭಕ್ತಿಗೀತೆಗಳ ವಿಡಿಯೊ ಕೂಡಿಸಿಕೊಟ್ಟೆ, ಒಂದೂವರೆ ತಿಂಗಳು ರಾತ್ರಿ ಪಾಳಿ. ಕ್ಯಾಸೆಟ್ ಬಂತು. ಅಮ್ಮ ಕನ್ನಡಕ ಹಾಕಿಕೊಂಡು ಕವರಿನ ಹಿಂದೆ ಮುಂದೆ ಹುಡುಕಿದರು. ಗಾಯಕರು, ಸಂಗೀತ, ನಿರ್ಮಾಪಕರು ಎಲ್ಲರ ಹೆಸರಿತ್ತು. ಕ್ಯಾಮೆರಾದವರದ್ದೂ ನನ್ನದೂ ಇರಲಿಲ್ಲ. ಅಮ್ಮ ಏನೂ ಹೇಳದೆ ಕವರನ್ನು ಟಿವಿ ಮೇಲಿಟ್ಟರು.

ಮಗನಿಗೆ ‘ಸ್ಲೆಡ್ಜ್‌ಹ್ಯಾಮರ್’ ವಿಡಿಯೊ ತೋರಿಸಿ. 1987ರಲ್ಲಿ ಒಂದೇ ರಾತ್ರಿ ಒಂಬತ್ತು ಪ್ರಶಸ್ತಿ ಪಡೆದದ್ದು ಅದು. ಗಾಯಕ ಪೀಟರ್ ಗೇಬ್ರಿಯಲ್ ಗಾಜಿನ ಹಲಗೆಯ ಕೆಳಗೆ 16 ಗಂಟೆ ಮಲಗಿದ್ದರು. ಹಣ್ಣು, ಮಣ್ಣು, ಎಲ್ಲವನ್ನೂ ಅವರ ಮುಖದ ಸುತ್ತ ಒಂದೊಂದೇ ಫ್ರೇಮಿಗೆ ಇಷ್ಟಿಷ್ಟೇ ಸರಿಸಿ ತೆಗೆದರು. ಅದರಲ್ಲಿ ಎರಡು ಕೋಳಿಗಳು ಕುಣಿಯುತ್ತವೆ. ಆ ಕೋಳಿಗಳನ್ನು ಕುಣಿಸಿದ ಹುಡುಗ ನಿಕ್ ಪಾರ್ಕ್. ಮುಂದೆ ‘ವ್ಯಾಲೇಸ್ ಅಂಡ್ ಗ್ರೋಮಿಟ್’ ಎಂಬ ಮಣ್ಣಿನ ಗೊಂಬೆಗಳ ಚಿತ್ರಗಳನ್ನು ಮಾಡಿ ಆಸ್ಕರ್ ತಂದವರು ಅವರೇ.

ಇನ್ನೊಂದು ಕೆಲಸ ಮಾಡಲಿ. ಮುಂದಿನ ಹಾಡಿಗೆ ಕೈ ಹಾಕುವ ಮೊದಲೇ ಮಾತಾಡಿಕೊಳ್ಳಲಿ: ವಿಡಿಯೊ ಕೆಳಗಿನ ವಿವರಣೆಯಲ್ಲಿ ಹಾಡಿದವರು, ಬರೆದವರ ಜೊತೆಗೆ ಕ್ಯಾಮೆರಾ, ಎಡಿಟಿಂಗ್, ಕುಣಿದವರು, ಎಲ್ಲರ ಹೆಸರೂ ಇರಬೇಕು ಅಂತ. ಹಣ ಪೂರ್ತಿ ಕೈಸೇರುವ ಮುಂಚೆ ಕೇಳಿದರೆ ಒಪ್ಪುತ್ತಾರೆ, ಆಮೇಲೆ ಕಷ್ಟ. ಒಪ್ಪದಿದ್ದರೆ ತಾನು ಮಾಡಿದ ಹಾಡುಗಳ ಪಟ್ಟಿಯನ್ನು ತಾರೀಖು ಸಮೇತ ತನ್ನದೇ ಪುಟದಲ್ಲಿ ಹಾಕಿಕೊಳ್ಳಲಿ. ಇವತ್ತೇ ಶುರು ಮಾಡಲಿ, ನಾನು ಮಾಡಲಿಲ್ಲ. ಅವನಿಗೆ ತುಂಬ ಇಷ್ಟವಾದ ಒಂದು ಹಾಡಿನ ಲಿಂಕನ್ನು ನನಗೆ ಕಳಿಸಿಕೊಡಲು ಹೇಳಿ. ನೋಡಿ, ಯಾವ ಕಟ್ ಚೆನ್ನಾಗಿದೆ, ಯಾವುದು ತಡವಾಯಿತು ಎಂದು ಕೂತು ಬರೆದು ಕಳಿಸುತ್ತೇನೆ.