ಹೊಸನಗರದಿಂದ ಶಂಕರಘಟ್ಟಕ್ಕೆ: ದಿನಾ ಬಸ್ಸಾ, ಹಾಸ್ಟೆಲ್ಲಾ?

ಕೋವಿಡ್‌ನಿಂದಾಗಿ ಡಿಗ್ರಿಯ ಪಾಠ ಬಹುಪಾಲು ಮೊಬೈಲ್‌ನಲ್ಲೇ ಆಯ್ತು, ಈಗ ಶಂಕರಘಟ್ಟದ ಕುವೆಂಪು ವಿವಿಯಲ್ಲಿ ಎಂ.ಎ. ಸೇರಿದ್ದೇನೆ, ಕ್ಲಾಸಿನಲ್ಲಿ ಬಾಯಿ ಬಿಡೋಕೇ ಭಯ, ಹೊಸನಗರದಿಂದ ದಿನಾ ಓಡಾಡಲಾ, ಹಾಸ್ಟೆಲ್ ಸೇರಲಾ ಅಂತ ಕೇಳಿದ್ದೀರಿ.

ಹಾಸ್ಟೆಲ್ ಸೇರಿ. ಹೊಸನಗರದಿಂದ ಶಿವಮೊಗ್ಗ ತಲುಪೋದೇ ಒಂದು ಪ್ರಯಾಣ. ಅಲ್ಲಿಂದ ಶಂಕರಘಟ್ಟ ಮತ್ತೆ ಸುಮಾರು 28 ಕಿ.ಮೀ. ಮಳೆಗಾಲದಲ್ಲಿ ರಸ್ತೆಗೆ ಮರ ಬಿತ್ತು ಅಂದ್ರೆ ಅವತ್ತಿನ ಕ್ಲಾಸ್ ಹೋಯ್ತು ಅಂತಲೇ ಲೆಕ್ಕ.

ಇನ್ನು ಭಯ. ಅದು ನಿಮಗೊಬ್ಬರಿಗೇ ಅಲ್ಲ. 2021ರ ಜುಲೈ 26ರಿಂದ ಕಾಲೇಜು ಮತ್ತೆ ತೆರೆದಾಗ, ಒಂದು ಡೋಸಾದರೂ ಲಸಿಕೆ ಹಾಕಿಸಿಕೊಂಡವರಿಗೆ ಮಾತ್ರ ಪ್ರವೇಶವಿತ್ತು. ಹಾಗೆ ಬಂದ ಎಷ್ಟೋ ಹುಡುಗರು, ಮೇಷ್ಟ್ರು ಪ್ರಶ್ನೆ ಕೇಳಿದರೆ ಮ್ಯೂಟ್ ಬಟನ್ ಹುಡುಕುವವರ ಹಾಗೆ ಪಿಳಿಪಿಳಿ ನೋಡುತ್ತಿದ್ದರು!

ಗುಡ್ಡ ಹತ್ತಿ, ಕೊಡೆ ಹಿಡಿದು, ನೆಟ್‌ವರ್ಕ್‌ಗೆ ಕಾದು ಪಾಠ ಕೇಳಿದವರು ನಾವೆಲ್ಲ. ನೋಟ್ಸಿನಲ್ಲಿ ಅರ್ಧಕ್ಕೇ ನಿಂತ ಪುಟಗಳು ಇದ್ದೇ ಇರ್ತವೆ, ಅಲ್ವಾ? ಅದನ್ನೇ ಪಕ್ಕದವರಿಗೆ ತೋರಿಸಿ, 'ಇದು ನಿಮ್ಮ ಹತ್ರ ಪೂರ್ತಿ ಇದೆಯಾ' ಅಂತ ಕೇಳಿ. ಮಾತು ಶುರುವಾಗೋಕೆ ಅಷ್ಟು ಸಾಕು. ಕ್ಲಾಸಿನಲ್ಲಿ ಡೌಟ್ ಕೇಳೋಕೆ ಆಗದಿದ್ದರೆ, ಮುಗಿದ ಮೇಲೆ ಮೇಷ್ಟ್ರನ್ನ ಹೊರಗೆ ಹಿಡಿಯಿರಿ. ಊಟದ ತಟ್ಟೆ ಮಾತ್ರ ರೂಮಿಗೆ ತರಬೇಡಿ, ಮೆಸ್ಸಿನಲ್ಲೇ ಕೂತು ತಿನ್ನಿ. ಸ್ನೇಹ ಜಾಸ್ತಿ ಬೆಳೆಯೋದು ಅಲ್ಲೇ.

ಹಾಂ, ಭದ್ರಾ ಅಣೆಕಟ್ಟಿನ ಕಡೆಯ ಮಳೆಯಲ್ಲಿ ಬಟ್ಟೆ ಬೇಗ ಒಣಗಲ್ಲ. ಒಂದೆರಡು ಜೊತೆ ಜಾಸ್ತಿ ಇಟ್ಟುಕೊಳ್ಳಿ, ಕಟ್ಟೋಕೆ ಹಗ್ಗವೂ ಇರಲಿ. ಹಾಸ್ಟೆಲ್ ಅರ್ಜಿ ಈ ವಾರವೇ ಕೊಡಿ, ಸೀಟು ತುಂಬಿದ ಮೇಲೆ ಸುಮ್ನೆ ಅಲೆದಾಟ.